ಎಣ್ಣೆ ಕುಡಿದ ಹಲಗೆ

ಅಪ್ಪ ನನ್ನನ್ನು ಕರೆಯುವುದು ‘ಲೇ’ ಎಂದು. ತಂಗಿಯ ಗಂಡನನ್ನು ಕರೆಯುವುದು ‘ಅಳಿಯಂದ್ರೇ’ ಎಂದು. ಎಲ್ಲ ಮನೆಗಳಲ್ಲೂ ಹೀಗೇ, ಅಳಿಯನಿಗೆ ಮರ್ಯಾದೆ, ಮಗನಿಗೆ ಗದರಿಕೆ, ಅದಕ್ಕೆ ಯಾರಾದರೂ ತಲೆಕೆಡಿಸಿಕೊಳ್ಳುತ್ತಾರಾ ಎಂದು ನನ್ನ ಹೆಂಡತಿ ನೂರು ಸಲ ಹೇಳಿದ್ದಾಳೆ. ಅವಳಿಗೇನು, ಅವಳ ತವರಿನಲ್ಲಿ ‘ಅಳಿಯಂದ್ರು’ ನಾನೇ. ನನಗೆ ಮಾತ್ರ ಈ ನಲವತ್ತಾರನೆಯ ವಯಸ್ಸಿನಲ್ಲೂ ಆ ಎರಡು ಕರೆಗಳ ನಡುವಿನ ಅಂತರ ಒಳಗೊಳಗೇ ಉರಿಯುತ್ತದೆ. ಹೊಟ್ಟೆಕಿಚ್ಚು ಎನ್ನಿ, ನಾನು ಅಲ್ಲವೆನ್ನುವುದಿಲ್ಲ.

ಸೊರಬದಲ್ಲಿ ನಮ್ಮದು ಮರಗೆಲಸದ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ಇಬ್ಬರೂ ನಡೆಸುತ್ತೇವೆ. ಅಲ್ಲಿ ಒಂದು ಕಟ್ಟಳೆಯಿದೆ. ಎಣ್ಣೆ ಕುಡಿಯದ ಮರ ಹೊಸ್ತಿಲು ದಾಟುವಂತಿಲ್ಲ. ಬಾಗಿಲಿರಲಿ, ಊಟದ ಮಣೆಯಿರಲಿ, ಕೆಲಸ ಮುಗಿದ ಮೇಲೆ ಹಳೆಯ ಪಂಚೆಯ ಚೂರನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ಮೈತುಂಬ ತಿಕ್ಕಬೇಕು. ಆಮೇಲೆ ಮರದ ಹೊಟ್ಟು ಉದುರಿಸಿ ಜಿಡ್ಡು ಕಾಣದ ಹಾಗೆ ಒರೆಸಬೇಕು. ‘ಕೂಸಿಗೆ ಎಣ್ಣೆ ಹಚ್ಚದೆ ಯಾರಾದ್ರೂ ಎರೀತಾರೇನ್ಲೇ’ ಎನ್ನುವುದು ಅಪ್ಪನ ಮಾತು.

ತನ್ನ ಮನಸ್ಸಿಗೆ ಹಿಡಿಸಿದ ಕೆಲಸಕ್ಕೆ ಅಪ್ಪ ತಾನೇ ಎಣ್ಣೆ ತಿಕ್ಕುತ್ತಾನೆ. ಉಳಿದದ್ದಕ್ಕೆ ‘ಹಚ್ಚಿ ಕಳ್ಸು’ ಎನ್ನುತ್ತಾನೆ, ಅಷ್ಟೆ. ನನ್ನ ಕೈಯಿಂದಾದ ಒಂದು ಕೆಲಸಕ್ಕೂ ಅವನು ಆ ಬಟ್ಟೆಯನ್ನು ಎತ್ತಿಕೊಂಡದ್ದಿಲ್ಲ. ಕುಬಟೂರಿನ ಒಂದು ಮನೆಗೆ ಒಮ್ಮೆ ಮುಂಬಾಗಿಲು ಮಾಡಿದೆ. ಬಳ್ಳಿ, ಹೂವು, ಎರಡು ಗಿಳಿ, ಒಂದೂವರೆ ತಿಂಗಳ ಕೆಲಸ. ಮನೆಯ ಯಜಮಾನರು ಅಂಗಡಿಗೆ ಬಂದು ಬಾಗಿಲ ಮುಂದೆ ನಿಂತು ಗಿಳಿಯ ಕೊಕ್ಕು ಮುಟ್ಟಿ ಮುಟ್ಟಿ ನೋಡಿದರು. ಅಪ್ಪ ಬಂದ, ಕೀಲುಗಳನ್ನು ಒಂದೊಂದಾಗಿ ನೋಡಿದ, ‘ಹಚ್ಚಿ ಕಳ್ಸು’ ಎಂದು ಚಹಾ ಕುಡಿಯಲು ಹೋದ. ಆ ಬಾಗಿಲಿಗೆ ನಾನೇ ಎಣ್ಣೆ ತಿಕ್ಕಿದೆ. ಅಳುವಷ್ಟು ಸಿಟ್ಟು ಬಂದಿತ್ತು.

ಇನ್ನು ತಂಗಿಯ ಗಂಡನ ವಿಷಯ. ಶಿಕಾರಿಪುರದವನು. ಸಮುದ್ರದ ಕಡೆ ದೋಣಿ ಕಟ್ಟುವ ಜಾಗದಲ್ಲಿ ಏಳೆಂಟು ವರ್ಷ ಫೈಬರ್ ಕೆಲಸ ಮಾಡಿ ಊರಿಗೆ ಬಂದಿದ್ದ. ಬಂದವನು ಬಚ್ಚಲಮನೆಗೆ ಫೈಬರ್ ಬಾಗಿಲು ಮಾಡಿ ಮಾರತೊಡಗಿದ. ನೀರು ಬಿದ್ದರೂ ಕೊಳೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಈಸೂರಿನಿಂದ ತಾಳಗುಂದದವರೆಗೆ ನಮ್ಮ ಹಳೆಯ ಗಿರಾಕಿಗಳೆಲ್ಲ ಬಚ್ಚಲಿಗೆ ಅವನ ಬಾಗಿಲನ್ನೇ ಹಾಕಿಸಿದರು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಅಪ್ಪನೇ ಒಂದು ದಿನ ನಮ್ಮ ಬಚ್ಚಲಿನ ಮರದ ಬಾಗಿಲು ಕಳಚಿ ಅಳಿಯನ ಬಾಗಿಲು ಕೂರಿಸಿದ. ಕಳಚಿದ್ದು ನಾನು ಮಾಡಿದ ಬಾಗಿಲನ್ನು. ಈಗಲೂ ಸ್ನಾನಕ್ಕೆ ಹೋದಾಗಲೆಲ್ಲ ಆ ನೀಲಿ ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದುಕೊಳ್ಳುತ್ತೇನೆ.

ಹೀಗಿರುವಾಗ ಅವನು ದೋಣಿ ತಂದ. ಲಾರಿಯ ಮೇಲೆ ಘಟ್ಟ ಹತ್ತಿಸಿ ತಂದ ಹಳೆಯ ಫೈಬರ್ ದೋಣಿ, ಎಂಟು ಜನ ಕೂರಬಹುದು. ಶಿಕಾರಿಪುರದ ಹತ್ತಿರದ ಒಂದು ದೊಡ್ಡ ಕೆರೆಯಲ್ಲಿ ರಜೆಯ ದಿನ ಬರುವವರನ್ನು ಒಂದು ಸುತ್ತು ಹೊಡೆಸಲು ಅವನಿಗೆ ಪರವಾನಗಿ ಸಿಕ್ಕಿತ್ತು. ತಂಗಿ ಟಿಕೆಟ್ ಹರಿಯುವುದು, ಅವನು ದೋಣಿ ಓಡಿಸುವುದು ಎಂದು ಮಾತಾಗಿತ್ತು. ಬಾಗಿಲಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಇಬ್ಬರೂ ಇದನ್ನೇ ನಂಬಿಕೊಂಡಿದ್ದರು.

ನೀರಿಗಿಳಿಸಿದ ಮೂರನೆಯ ದಿನಕ್ಕೇ ದೋಣಿಯ ಹಿಂಬದಿಯಲ್ಲಿ ನೀರು ಕಾಣಿಸಿಕೊಂಡಿತು. ಈ ದೋಣಿಯಲ್ಲಿ ಇಂಜಿನ್ನು ಒಳಗೇ, ಹಿಂದುಗಡೆ ಕೂತಿರುತ್ತದೆ. ಅದರ ಕಾಲು ಮಾತ್ರ ಹಿಂದಿನ ಗೋಡೆಯಲ್ಲಿ ಕೊರೆದ ದೊಡ್ಡ ಕಿಂಡಿಯಿಂದ ಹೊರಗೆ ಚಾಚಿ ನೀರಿಗಿಳಿಯುತ್ತದೆ, ತುದಿಯಲ್ಲಿ ಫ್ಯಾನು ತಿರುಗುತ್ತದೆ. ಆ ಹಿಂದಿನ ಗೋಡೆಗೆ ಅವನು ಟ್ರಾನ್ಸಮ್ ಎನ್ನುತ್ತಿದ್ದ. ನಾನು ಬೇಕೆಂದೇ ಹಲಗೆ ಎನ್ನುತ್ತಿದ್ದೆ. ಇಂಜಿನ್ನಿನ ಭಾರ, ಫ್ಯಾನು ತಳ್ಳುವ ಬಲ ಎಲ್ಲ ಬೀಳುವುದು ಅದರ ಮೇಲೆ. ಹೊರಗಡೆ ಫೈಬರ್, ಒಳಗಡೆ ಫೈಬರ್, ನಡುವೆ ಮರ. ಹಿಂದೆ ಯಾರೋ ಬೋಲ್ಟು ಹಾಕಲು ತೂತು ಕೊರೆದವರು ತೂತಿನ ಒಳಮೈಗೆ ಏನನ್ನೂ ಬಳಿಯದೆ ಬಿಟ್ಟಿದ್ದರಂತೆ. ನೀರು ಅಲ್ಲಿಂದ ಜಿನುಗಿ ಜಿನುಗಿ ವರ್ಷಗಟ್ಟಲೆ ಮರ ಕುಡಿದಿತ್ತು.

ಅವನು ಒಳಗಿನ ಫೈಬರನ್ನು ಕತ್ತರಿಸಿ ತೆಗೆದು ಮೊಬೈಲಿಗೆ ಫೋಟೋ ಕಳಿಸಿದ. ಮರ ಇರಬೇಕಾದ ಕಡೆ ಕಪ್ಪಗೆ, ದನಕ್ಕೆ ನೆನೆಸಿಟ್ಟ ಹಿಂಡಿಯ ಹಾಗೆ ಏನೋ ಇತ್ತು. ಅದನ್ನು ನೋಡಿ ನನಗಾದ ಸಂತೋಷವನ್ನು ಮುಚ್ಚಿಡುವುದು ಯಾಕೆ? ಕೊಳೆಯದ ಬಾಗಿಲು ಮಾರುವವನ ದೋಣಿ ಕೊಳೆತಿತ್ತು. ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಆ ದಿನ ಊಟವೂ ರುಚಿಯೆನಿಸಿತು.

ಆದರೆ ಅದೇ ಫೋಟೋ ಅಪ್ಪನಿಗೂ ಹೋಗಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, ‘ಅಳಿಯಂದ್ರೇ, ಹಲಗೆ ನಾನು ಮಾಡಿಕೊಡ್ತೀನಿ’ ಎಂದು ಫೋನಿನಲ್ಲೇ ಹೇಳಿಬಿಟ್ಟ.

ಎರಡು ದಿನ ಬಿಟ್ಟು ಅಳಿಯ ಸೊರಬಕ್ಕೆ ಬಂದ. ಹಿಂಗೋಡೆಯ ಅಳತೆಗೆ ಕತ್ತರಿಸಿದ ರಟ್ಟು, ನೀರಿಗೆ ತಡೆಯುವ ಎರಡು ಪ್ಲೈವುಡ್ ಹಾಳೆ, ಅಂಟಿನ ಡಬ್ಬಿ ತಂದಿದ್ದ. ಹಾಳೆ ಎರಡನ್ನೂ ಅಂಟಿಸಿ ಒಂದೂವರೆ ಇಂಚು ದಪ್ಪದ ಹಲಗೆ ಮಾಡಬೇಕು, ನಡುವೆ ಕಿಂಡಿ ತೆಗೆಯಬೇಕು. ಅಪ್ಪ ಅವನಿಗೆ ಚಹಾ ಹೇಳಲು ಒಳಗೆ ಹೋದಾಗ ಅವನು ನನ್ನ ಹತ್ತಿರ ಬಂದು ನಿಂತ.

‘ಭಾವ, ಒಂದ್ ಮಾತ್ರಿ. ಈ ಹಲಗಿಗೆ ಎಣ್ಣಿ ಮುಟ್ಟಿಸಬ್ಯಾಡ್ರಿ. ಒಂದು ಹನಿ ಬಿದ್ರೂ ಫೈಬರ್ ಹಿಡಿಯಂಗಿಲ್ಲ. ಮ್ಯಾಲೆ ಚಂದ ಕಾಣ್ತತಿ, ಒಳಗ ಬಿಟ್ಕಂಡು ಬಿಡ್ತತಿ. ಮಾವಾರಿಗೂ ಒಂದು ಮಾತು ಹೇಳ್ಬಿಡ್ರಿ.’

‘ಆಯ್ತು’ ಎಂದೆ.

ಅಪ್ಪ ಹೊರಗೆ ಬಂದ. ನಾನು ಹೇಳಲಿಲ್ಲ. ಆಗ ನಿಜಕ್ಕೂ ಕೆಟ್ಟ ಯೋಚನೆ ಇರಲಿಲ್ಲ. ಇವನ ಸಂದೇಶ ಮುಟ್ಟಿಸಲು ನಾನೇನು ಅಂಚೆಯವನಾ, ಬೇಕಾದರೆ ಮಾವನಿಗೆ ತಾನೇ ಹೇಳಲಿ ಎನ್ನುವ ಕೊಬ್ಬು, ಅಷ್ಟೇ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಅಪ್ಪ ಆ ಹಲಗೆಗೆ ಕೂತದ್ದನ್ನು ನೀವು ನೋಡಬೇಕಿತ್ತು. ಎಪ್ಪತ್ತೆರಡರ ಮನುಷ್ಯ ಬೆಳಿಗ್ಗೆ ಏಳಕ್ಕೇ ಅಂಗಡಿ ತೆಗೆದ. ರಟ್ಟನ್ನು ಮೂರು ಸಲ ಅಳೆದ. ಎರಡು ಹಾಳೆಗಳ ನಡುವೆ ಗಾಳಿ ಉಳಿಯಬಾರದೆಂದು ಅಂಟು ಬಳಿದು ಮೇಲೆ ಇದ್ದಬದ್ದ ಕಲ್ಲನ್ನೆಲ್ಲ ಹೇರಿದ. ನಾನು ಗರಗಸದ ಯಂತ್ರ ಹಚ್ಚುತ್ತೇನೆಂದರೆ, ‘ಬ್ಯಾಡ, ನಿಂದು ಅವಸರದ ಕೈ’ ಎಂದ. ಕಿಂಡಿಯ ಅಂಚನ್ನು ಮರಳುಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳಾಡಿಸಿ ನೋಡಿದ. ಫೈಬರಿನೊಳಗೆ ಹೂತುಹೋಗುವ, ಯಾರ ಕಣ್ಣಿಗೂ ಬೀಳದ ಹಲಗೆಗೆ ಇಷ್ಟೊಂದು ಉಪಚಾರ! ನನ್ನ ಗಿಳಿಗಳು ಊರವರಿಗೆಲ್ಲ ಕಾಣುತ್ತವೆ.

ನಾಲ್ಕನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಬಂದೆ. ಬಾಗಿಲಲ್ಲಿ ಕಾಲಿಟ್ಟವನು ಅಲ್ಲೇ ನಿಂತೆ. ಹಲಗೆಯನ್ನು ಬೆಂಚಿನ ಮೇಲೆ ಮಲಗಿಸಿ ಅಪ್ಪ ಎಣ್ಣೆ ತಿಕ್ಕುತ್ತಿದ್ದ.

ಪಂಚೆಯ ಚೂರು ಒಂದು ಮೂಲೆಯಿಂದ ಹೊರಟು ಮರದ ಎಳೆಯ ಜಾಡು ಹಿಡಿದು ಇನ್ನೊಂದು ಮೂಲೆ ಮುಟ್ಟುತ್ತಿತ್ತು. ಅಲ್ಲಿ ತುಸು ನಿಲ್ಲುತ್ತಿತ್ತು. ಮತ್ತೆ ಬರುತ್ತಿತ್ತು. ಅಷ್ಟು ನಿಧಾನವಾಗಿ ಅಪ್ಪ ಎಣ್ಣೆ ಹಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಿಂಡಿಯ ಅಂಚಿಗೆ ಬಂದಾಗ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಒಳಮೈಯನ್ನೂ ಬಿಡದೆ ಸುತ್ತಿಸಿದ. ‘ಅಪ್ಪಾ, ಎಣ್ಣೆ ಹಚ್ಚಬಾರದಂತೆ’ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಮೂರು ಶಬ್ದ. ಆಗಲೇ ಹೇಳಿದ್ದರೆ ಹೊಸ ಹಾಳೆ ತಂದು ಎರಡು ದಿನದಲ್ಲಿ ಬೇರೆ ಮಾಡಬಹುದಿತ್ತು. ಆದರೆ ನನ್ನ ಎದೆಯಲ್ಲಿ ಬೇರೆಯೇ ಮಾತು ಓಡುತ್ತಿತ್ತು. ನನಗೆ ಇಪ್ಪತ್ತೈದು ವರ್ಷದಲ್ಲಿ ಒಂದು ದಿನ ಸಿಗದ ಎಣ್ಣೆ ಇವನಿಗೆ ಸಿಕ್ಕಿತಲ್ಲ, ಕುಡಿಯಲಿ, ಚೆನ್ನಾಗಿ ಕುಡಿಯಲಿ.

ಒಳಗೆ ಹೋಗಿ ಕೀಸುವ ಯಂತ್ರ ಶುರು ಮಾಡಿದೆ. ಅದರ ಸದ್ದಿನಲ್ಲಿ ಯಾರೂ ಯಾರಿಗೂ ಏನೂ ಹೇಳುವಂತಿರುವುದಿಲ್ಲ.

ಮೂರು ದಿನ ಬಿಸಿಲಿಗಿಟ್ಟ ಮೇಲೆ ಹಲಗೆಯಲ್ಲಿ ಜಿಡ್ಡು ಕಾಣುತ್ತಿರಲಿಲ್ಲ, ಬಣ್ಣ ಒಂದಿಷ್ಟು ಗಾಢವಾಗಿತ್ತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ನಾನು, ಅಪ್ಪ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋದೆವು. ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಅಪ್ಪ ಹಿಂದೆ ತಿರುಗಿ ಹಲಗೆ ನೋಡುತ್ತಿದ್ದ.

ತಂಗಿಯ ಗಂಡ ಹಲಗೆ ಬಿಚ್ಚಿ ನೋಡಿ, ‘ಮಾವಾರೇ, ಇಂಥಾ ಹಲಗಿ ಸಮುದ್ರದ ಕಡೀನೂ ನೋಡಿಲ್ರಿ’ ಎಂದ. ಅಪ್ಪ ನಾಚಿಕೊಂಡ. ಅಪ್ಪನಿಗೆ ನಾಚಿಕೆಯೂ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅಳಿಯನ ಕೈಯಲ್ಲಿ, ಬಟ್ಟೆಯಲ್ಲಿ, ದೋಣಿ ನಿಲ್ಲಿಸಿದ್ದ ಆ ಶೆಡ್ಡಿನ ಗಾಳಿಯಲ್ಲೆಲ್ಲ ಫೈಬರಿನ ರಾಳದ ಘಾಟು ಎಷ್ಟಿತ್ತೆಂದರೆ ಅಗಸೆ ಎಣ್ಣೆಯ ವಾಸನೆ ಅವನ ಮೂಗಿಗೆ ಸಿಗುವಂತಿರಲಿಲ್ಲ. ಮೇಲಾಗಿ ಭಾವನಿಗೆ ಹೇಳಿದ್ದೇನಲ್ಲ ಎಂಬ ನಂಬಿಕೆ.

ಎರಡು ದಿನ ನಾನೂ ಅವನ ಜೊತೆ ಕೆಲಸ ಮಾಡಿದೆ. ಕೆಲಸಗಾರ ಅವನು, ಅದನ್ನು ಒಪ್ಪಲೇಬೇಕು, ಒಪ್ಪಲು ಹೊಟ್ಟೆ ಉರಿದರೂ. ಹಲಗೆ ಕೂರಿಸಿ ಒಳಗಿನಿಂದ ರಾಳ, ಅದರ ಮೇಲೆ ಗಾಜಿನೆಳೆಯ ಮ್ಯಾಟು, ಮತ್ತೆ ರಾಳ, ಮತ್ತೆ ಮ್ಯಾಟು ಎಂದು ಹೊದಿಸಿದ. ಬೋಲ್ಟಿನ ತೂತುಗಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು ರಾಳ ತುಂಬಿದ. ಅದು ಗಟ್ಟಿಯಾದ ಮೇಲೆ ಅದರ ನಡುವೆಯೇ ಸಣ್ಣ ತೂತು ಕೊರೆದ. ಹೀಗಾದರೆ ಬೋಲ್ಟಿನ ಪಕ್ಕದಲ್ಲಿ ನೀರು ಜಿನುಗಿದರೂ ಮರಕ್ಕೆ ಮುಟ್ಟುವುದಿಲ್ಲ. ಕಿಂಡಿಯ ಸುತ್ತ ನೀರು ನುಸುಳದ ಹಾಗೆ ಸೀಲಂಟ್ ಬಳಿದು ಇಂಜಿನ್ನಿನ ಕಾಲನ್ನು ಕೂರಿಸಿ ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದೇ ಸುತ್ತು ಬಿಗಿದ. ಎರಡು ದಿನದಲ್ಲಿ ನನಗೆ ಬಾಯಿ ತೆರೆಯಲು ಇಪ್ಪತ್ತು ಸಂದರ್ಭ ಸಿಕ್ಕಿದವು. ಪ್ರತಿಸಲ ಅಪ್ಪ ‘ಅಳಿಯಂದ್ರೇ, ಸ್ವಲ್ಪ ನೀರು ಕುಡೀರಿ’ ಎನ್ನುತ್ತಿದ್ದ, ನನ್ನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ರಾಳ ಅಷ್ಟು ಗಟ್ಟಿ, ಬೋಲ್ಟು ಅಷ್ಟು ಬಿಗಿ, ಒಂದಿಷ್ಟು ಎಣ್ಣೆಯಿಂದ ಏನಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನೀರಿಗಿಳಿಸುವ ದಿನ ನಾವೆಲ್ಲ ಹೋದೆವು. ದೋಣಿಯ ಮೂತಿಗೆ ಅರಿಶಿನ ಕುಂಕುಮ, ಮಲ್ಲಿಗೆ ಸರ. ತಂಗಿ ಹೊಸ ಸೀರೆಯಲ್ಲಿ ಕಾಯಿ ಒಡೆದಳು. ನೋಡಲು ಬಂದವರು ದಂಡೆಯಲ್ಲಿ ಸಾಲಾಗಿ ನಿಂತಿದ್ದರು, ಆಗಲೇ ಟಿಕೆಟ್ ಕೇಳುವವರೂ ಇದ್ದರು. ಮೊದಲ ಸುತ್ತು ಮನೆಯವರದು ಎಂದಾಯಿತು. ತಂಗಿ ಅಪ್ಪನ ಕೈ ಹಿಡಿದು ಹತ್ತಿಸಿ, ಇಂಜಿನ್ನಿನ ಪೆಟ್ಟಿಗೆಯ ಪಕ್ಕದಲ್ಲಿ, ಹಿಂದಿನ ಗೋಡೆಗೆ ಒರಗಿಸಿ ಕೂರಿಸಿದಳು. ತಾನೂ ಅಲ್ಲೇ ಕೂತಳು.

‘ಮಾವಾರು ಮಾಡಿದ ಹಲಗಿ, ಮಾವಾರೇ ಅದಕ್ಕ ಒರಗಬೇಕ್ರಿ’ ಎಂದ ಅವನು.

‘ಬಾರೋ ಅಣ್ಣ, ನೀರಿಗೆ ಹೆದರ್ತೀಯೇನು?’ ಎಂದು ತಂಗಿ ನಕ್ಕಳು. ಅವಳಿಗೂ ಅಪ್ಪನಿಗೂ ಈಜು ಬರುವುದಿಲ್ಲ. ಅಪ್ಪ ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು ನನ್ನತ್ತ ನೋಡುತ್ತಿದ್ದ. ಅಳಿಯ ಇಂಜಿನ್ನು ಶುರು ಮಾಡಿದ. ದೋಣಿಯ ಹಿಂಬದಿ ನಡುಗಿತು. ಅಪ್ಪನ ಬೆನ್ನೂ ನಡುಗುತ್ತಿದ್ದುದು ದಂಡೆಯಿಂದಲೇ ಕಾಣಿಸಿತು. ಅವನ ಬೆನ್ನಿಗೂ ಆ ಆಳಕ್ಕೂ ನಡುವೆ ಇದ್ದದ್ದು ನಾನು ಕೆಡಲು ಬಿಟ್ಟ ಹಲಗೆ.

ಚಪ್ಪಲಿ ಬಿಡುವುದೂ ನೆನಪಾಗದೆ ಮೊಣಕಾಲುದ್ದ ನೀರಿಗೆ ನುಗ್ಗಿ ದೋಣಿಯ ಹಗ್ಗ ಹಿಡಿದೆ. ‘ಆಫ್ ಮಾಡು! ಆಫ್ ಮಾಡು ಮಾರಾಯ!’

ಅವನು ಆಫ್ ಮಾಡಿದ.

‘ಹಲಗೆಗೆ ಎಣ್ಣೆ ಬಿದ್ದಿದೆ’ ಎಂದೆ.

ಅವನು ಸ್ಕ್ರೂಡ್ರೈವರಿನ ಹಿಡಿಯಿಂದ ಒಳಗಿನ ಗೋಡೆಯನ್ನು ತಟ್ಟುತ್ತ ಬಂದ. ಇಂಜಿನ್ನು ಕೂರಿಸುವ ಮೊದಲೂ ಹೀಗೇ ತಟ್ಟಿ ನೋಡಿದ್ದ, ಆಗ ಎಲ್ಲ ಕಡೆ ಗಟ್ಟಿ ಸದ್ದೇ ಇತ್ತು. ಈಗ ಎಡಗಡೆಯ ಕೆಳಮೂಲೆಯಲ್ಲಿ ಸದ್ದು ಪೊಳ್ಳಾಯಿತು. ಇಂಜಿನ್ನಿನ ಭಾರಕ್ಕೆ ಫೈಬರು ಆಗಲೇ ಬಿಡತೊಡಗಿತ್ತು. ಅಲ್ಲಿ ಅಂಚಿಗೆ ಉಳಿ ಕೊಟ್ಟು ಮೆಲ್ಲಗೆ ಮೀಟಿದ. ಅಂಗೈಯಗಲದ ಫೈಬರು ಎದ್ದು ಬಂತು. ಅದರ ಹಿಂದೆ ಹಲಗೆ, ರಾಳ ಹಿಡಿದ ಗುರುತೇ ಇಲ್ಲದೆ, ಹೊಚ್ಚಹೊಸದಾಗಿ ಮಿನುಗುತ್ತಿತ್ತು.

‘ಯಾರು ಹಚ್ಚಿದ್ರು ಎಣ್ಣಿ?’ ಎಂದ.

‘ನಾನು’ ಎಂದ ಅಪ್ಪ. ಹೆಮ್ಮೆಯಿಂದಲೇ ಎಂದ. ಆಮೇಲೆ ಅಳಿಯನ ಮುಖ ನೋಡಿದ. ‘ಯಾಕೆ ಅಳಿಯಂದ್ರೇ? ಹಚ್ಚಬಾರ್ದಿತ್ತಾ?’

ಅವನು ನನ್ನತ್ತ ತಿರುಗಿದ. ‘ಭಾವ, ನಿಮಗ ಹೇಳಿದ್ನೆಲ್ರಿ?’

‘ಮರೆತೆ’ ಎಂದೆ.

ಅಪ್ಪ ತಲೆ ತಗ್ಗಿಸಿದ. ಮರದ ವಿಷಯದಲ್ಲಿ ಅಪ್ಪ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟೋ ವರ್ಷದಿಂದ ನಾನು ಬಯಸಿದ್ದು ಅದನ್ನೇ ಇರಬೇಕು, ಅಳಿಯನ ಎದುರು ಅಪ್ಪನ ಮುಖ ಸಣ್ಣದಾಗುವುದನ್ನು. ಸಿಕ್ಕಿದ ಮೇಲೆ ನೋಡಲಾಗಲಿಲ್ಲ. ನೀರಿನಲ್ಲಿ ನನ್ನ ಒಂದು ಚಪ್ಪಲಿ ಕಳೆದುಹೋಗಿತ್ತು, ಅದನ್ನು ಹುಡುಕುವ ನೆಪದಲ್ಲಿ ಬಗ್ಗಿದೆ.

ಟಿಕೆಟ್ ಕೇಳಿದವರು ಹೊರಟುಹೋದರು. ತಂಗಿ ಹೂವಿನ ಸರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಮರಳಿ ಬರುವಾಗ ಬಸ್ಸಿನಲ್ಲಿ ಅಪ್ಪ ಬೇರೆ ಸೀಟಿನಲ್ಲಿ ಕೂತ. ಒಂದೇ ಕಾಲಿನ ಚಪ್ಪಲಿಯಲ್ಲಿ ಸೊರಬದ ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದೆ. ಮಾಡಿದ್ದುಣ್ಣೋ ಮಹರಾಯ.

ಮರುದಿನ ಅಪ್ಪ ರಟ್ಟು ತಂದು ನನ್ನ ಬೆಂಚಿನ ಮೇಲಿಟ್ಟ. ‘ನೀನೇ ಮಾಡು’ ಎಂದ. ಅಷ್ಟೇ. ಇಡೀ ವಾರ ಅವನು ಅಂಗಡಿಯ ಆ ಮೂಲೆಗೆ ಬರಲಿಲ್ಲ, ಹೊರಗಡೆ ಕುರ್ಚಿಯ ಕಾಲು ಕೀಸುತ್ತ ಕೂತ. ಹೊಸ ಹಾಳೆಗಳನ್ನು ನಾನೇ ತಂದೆ. ಅಂಟಿಸಿದೆ, ಕಲ್ಲು ಹೇರಿದೆ, ಕಿಂಡಿ ತೆಗೆದೆ. ಅವಸರ ಮಾಡಲಿಲ್ಲ. ಬೆವರು ಬೀಳಬಾರದೆಂದು ಹಣೆಗೆ ಟವೆಲ್ಲು ಕಟ್ಟಿಕೊಂಡಿದ್ದೆ. ಇಷ್ಟೆಲ್ಲದರ ನಡುವೆಯೂ, ನಂಬುತ್ತೀರೋ ಇಲ್ಲವೋ, ಇದು ಅವನ ದೋಣಿಗೆ ಹೋಗುತ್ತದಲ್ಲ ಎಂದು ಒಂದೆರಡು ಸಲ ಹೊಟ್ಟೆ ಉರಿಯಿತು.

ಮುಗಿದ ದಿನ ಹಲಗೆಯನ್ನು ಬೆಳಕಿಗೆ ಎತ್ತಿ ನಿಲ್ಲಿಸಿದೆ. ತಿರುಗಿ ನೋಡಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ, ಅವತ್ತು ನಾನು ನಿಂತ ಜಾಗದಲ್ಲೇ. ಒಳಗೆ ಬಂದ. ಕಿಂಡಿಯ ಸುತ್ತ ಕಣ್ಣಾಡಿಸಿದ. ಅವನ ಬಲಗೈ ತನ್ನಷ್ಟಕ್ಕೆ ತಾನೇ ಗೂಟಕ್ಕೆ ಸಿಕ್ಕಿಸಿದ್ದ ಪಂಚೆಯ ಚೂರಿನ ಕಡೆಗೆ ಹೋಯಿತು. ನನ್ನ ಕೆಲಸಕ್ಕೆ ಆ ಕೈ ಹೋದದ್ದು ಅದೇ ಮೊದಲು.

‘ಅಪ್ಪಾ, ಎಣ್ಣೆ ಹಚ್ಚಬಾರ್ದು’ ಎಂದೆ.

ಕೈ ನಿಂತಿತು. ‘ಹೌದಲ್ಲ’ ಎಂದ.

‘ನಾನು ಮರ್ತಿರ್ಲಿಲ್ಲ ಅಪ್ಪಾ.’

‘ಗೊತ್ತು. ಅವತ್ತು ಬಾಗ್ಲಲ್ಲಿ ನಿಂತ್ಕಂಡಿದ್ಯಲ್ಲ, ನೋಡಿದೆ ನಾನು’ ಎಂದ ಅಪ್ಪ. ನನ್ನ ಮುಖ ನೋಡದೆ ಹಲಗೆಯನ್ನೇ ನೋಡುತ್ತಿದ್ದ. ‘ಇಷ್ಟು ವರ್ಷಕ್ಕೆ ಒಂದಿನ ನಿಂತು ನೋಡ್ತಾ ಅದಾನೆ, ಕಲ್ತ್ಕಳ್ಳಿ ಅಂತ ನಿಧಾನಕ್ಕೆ ಹಚ್ಚಿದೆ ಕಣ್ಲೇ.’

ಒಣ ಅಂಗೈಯನ್ನು ಹಲಗೆಯ ಮೇಲಿಟ್ಟು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ, ಎಳೆಯ ಜಾಡು ಹಿಡಿದು, ಒಮ್ಮೆ ಸವರಿದ. ಆಮೇಲೆ ಪ್ಲಾಸ್ಟಿಕ್ಕು ಸುತ್ತಲು ಹಗ್ಗ ಎಲ್ಲಿದೆ ಎಂದು ಕೇಳಿದ.